ಎಂಜಿನಿಯರ ಸಾಹೇಬರ ಮಣ್ಣು

ಅಂಗೈ ಹೀಗೇ ಗಟ್ಟಿಯಾಗುತ್ತ ಹೋದರೆ ಅಕ್ಷರ ಕೆಟ್ಟುಹೋಗುತ್ತದೋ ಏನೋ ಎಂಬ ಅಂಜಿಕೆ ಪರಿಮಳಾಗೆ. ಇಂಥ ಅಂಜಿಕೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು? ಅವ್ವನಿಗೆ ಹೇಳಿದರೆ ನಗುತ್ತಾಳೆ. ಆದ್ದರಿಂದ ಡೈರಿಗೆ ಹೇಳಿದಳು. ಬೆಳಗಿನ ಬಿಸಿಲಲ್ಲಿ ಕಲ್ಲಿನ ಮೇಲೆ ಕುಳಿತು, ಬೊಬ್ಬೆಯೆದ್ದ ಬೆರಳಲ್ಲಿ ಪೆನ್ನು ಹಿಡಿದು ಬರೆದಳು: ‘ಇವತ್ತು ಳ ಬರೆದರೆ ಳ ಆಗಲಿಲ್ಲ. ಕೋಳಿ ಕಾಲಾಯಿತು.’ ಬರೆದು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದಳು. ಒಂದು ಆಡು ನೋಡುತ್ತಿತ್ತು. ಅದಕ್ಕೂ ನಾಚಿ ಡೈರಿ ಮುಚ್ಚಿದಳು.

ಶಹಾಪುರದ ಕಾಲೇಜಿನಲ್ಲಿ ಬಿ.ಎ. ಪಾಸಾದವಳು ಪರಿಮಳಾ. ಬರೆಯುವುದರಲ್ಲಿ ಪಾಸು, ಮಾತಾಡುವುದರಲ್ಲಿ ನಪಾಸು. ಬಸ್ಸಿನಲ್ಲಿ ತನ್ನ ನಿಲ್ದಾಣ ಬಂದರೆ “ಇಳಿತೀನ್ರಿ” ಎಂದು ಕೂಗಲಾರದೆ ಮುಂದಿನ ಊರಿಗೆ ಹೋಗಿ ನಡೆದು ಬಂದವಳು.

ಅವಳ ಊರು ಕರಿಮರಡಿ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಪಟ್ಟಣ. ಎಲ್ಲಕ್ಕಿಂತ ಮೇಲೆ ಕಲ್ಲುಗುಡ್ಡ, ಅದರ ಬುಡಕ್ಕೆ ಊರು, ಊರಿನ ಕೆಳಗೆ ಕೇರಿ. ಊರು ಮೈತೊಳೆದ ನೀರು, ಮುಸುರೆ ತೊಳೆದ ನೀರು, ಎಲ್ಲ ಗಟಾರು ಹಿಡಿದು ಕೇರಿಗೆ ಇಳಿಯುತ್ತದೆ. ಪರಿಮಳಾಳ ಮನೆಯ ಗೋಡೆ ಆ ನೀರು ಕುಡಿದು ಕುಡಿದು ಹೋದ ಮಳೆಗಾಲದಲ್ಲಿ ಮಲಗಿಬಿಟ್ಟಿತು. ಅಂದಿನಿಂದ ತಾಯಿ ಮಗಳು ತಗಡಿನ ಕೆಳಗೆ. ಅಪ್ಪ ದೇವಿಂದ್ರ ಪುಣೆಯಲ್ಲಿದ್ದ. ಬೇರೆಯವರ ಮನೆ ಕಟ್ಟುತ್ತಿದ್ದ.

ಸರಕಾರದ ಮನೆ ಮಂಜೂರಾಯಿತು. ಜಾಗ ತೋರಿಸಿದ್ದು ಗುಡ್ಡದ ಇಳಿಜಾರಿನಲ್ಲಿ. ತೋರಿಸಿದವರು ಹಿಂದಿರುಗಿ ನಗುತ್ತ ಹೋದರು. ಬರೀ ಕಲ್ಲು. ಆಡು ನಿಂತರೂ ಜಾರುವ ಜಾಗ. ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು ಎಂಬ ಲೆಕ್ಕ ಅವರದು.

ಅವ್ವ ಮೋನಮ್ಮ ಹಾರೆ ಹಿಡಿದಳು. ಮಗಳು ಬುಟ್ಟಿ ಹಿಡಿದಳು. ಮೇಲಿನದನ್ನು ಕಡಿಯಬೇಕು, ತಂದು ಕೆಳಗೆ ತುಂಬಬೇಕು. ಕೆಲಸ ಇಷ್ಟೇ. ಹಾರೆ ಕಲ್ಲಿಗೆ ಬಡಿದರೆ ಏಟು ಕಲ್ಲಿಗಲ್ಲ, ಭುಜಕ್ಕೆ. ಸಿಂಬಿ ಇಟ್ಟುಕೊಂಡರೂ ಬುಟ್ಟಿ ನೆತ್ತಿ ಕೊರೆಯುತ್ತಿತ್ತು. ಮೋನಮ್ಮನ ಹೆಬ್ಬೆರಳ ಉಗುರು ಕಪ್ಪಾಗಿ ಕಳಚಿ ಬಿತ್ತು. ಹಸಿರು ಬಳೆ ಒಡೆದು ಮಣ್ಣಲ್ಲಿ ಸೇರಿದವು. ಮುಟ್ಟಾದ ದಿನವೂ ಪರಿಮಳಾ ಬುಟ್ಟಿ ಹೊತ್ತಳು, ತೊಡೆ ನಡುಗುತ್ತಿದ್ದರೂ ಹೊತ್ತಳು. ಕೆಳಗಿನಿಂದ ಹೋಗುವವರು ಕೇಳುತ್ತಿದ್ದರು, “ಏನಬೇ ಮೋನವ್ವ, ಕ್ವಾಟಿ ಕಟ್ಟಾಕತ್ತೀಯೇನು?” ಮೋನಮ್ಮ ಕೆಳಗೆ ನೋಡದೆ, “ಹೌದ್ರಿ, ನೀವೂ ಬರ್ರಿ, ಫಿರಂಗಿ ಎಳಿಯಾಕ ಮಂದಿ ಕಡಿಮಿ ಬಿದ್ದಾರ” ಅನ್ನುತ್ತಿದ್ದಳು.

ನೆಲ ಒಂದು ದಿನ ಸಮವಾಯಿತು. ಹೊಸ್ತಿಲು ಎಲ್ಲಿ ಬರಬೇಕೋ ಅಲ್ಲಿ ತಾಯಿ ಮಗಳು ನಿಂತು ನೋಡಿದರು. ನೇರ ಕೆಳಗೆ ವಿಶ್ವರಾಧ್ಯ ಸಾವಕಾರರ ಮಾಳಿಗೆ. ಮಾಳಿಗೆಯ ಮೇಲೆ ಸಾವಕಾರರು ಎಳೆಬಿಸಿಲಿಗೆ ಕುಳಿತಿದ್ದರು. ಇಷ್ಟು ವರ್ಷ ಕೆಳಗಿನಿಂದ ನೋಡಿದವರಿಗೆ ಸಾವಕಾರರೆಂದರೆ ಮೀಸೆ. ಮೇಲಿನಿಂದ ನೋಡಿದರೆ ಬೋಳು ನೆತ್ತಿ. ಮೋನಮ್ಮ ಸೆರಗು ಬಾಯಿಗೆ ತುರುಕಿಕೊಂಡರೂ ನಗು ಹೊರಗೆ ಬಂತು. ಸಾವಕಾರರು ಕತ್ತೆತ್ತಿ ನೋಡಿದರು. ಕತ್ತೆತ್ತಿ ನೋಡುವ ರೂಢಿ ಇರಲಿಲ್ಲ ಅವರಿಗೆ.

ಆ ವಾರವೇ ಪಟ್ಟಣ ಪಂಚಾಯಿತಿಯ ನೋಟೀಸು ಬಂತು. ಕೆಲಸ ನಿಲ್ಲಿಸತಕ್ಕದ್ದು.

ಕಚೇರಿಯಲ್ಲಿ ಎಂಜಿನಿಯರ ಸಾಹೇಬ ತಲೆ ಎತ್ತದೆ ಕೇಳಿದ. “ಯಾರ್ನ ಕೇಳಿ ನೆಲಾ ಸಮ ಮಾಡೀರಿ?”

“ನಮ್ಮ ಜಾಗಾ ರಿ ಸಾಹೇಬ್ರ,” ಮೋನಮ್ಮ ಹೇಳಿದಳು.

“ಜಾಗಾ ನಿಮ್ದು. ಇಳಿಜಾರು ಸರಕಾರದ್ದು. ಅದನ್ನ ತಗೀಬೇಕಂದ್ರ ಸಮತಟ್ಟು ಪರವಾನಗಿ ಬೇಕು. ಪರವಾನಗಿ ಬೇಕಂದ್ರ ಮಣ್ಣು ಪರೀಕ್ಷಾ ರಿಪೋರ್ಟ್ ಬೇಕು.”

“ಮಣ್ಣಿಗೇನ್ ಬ್ಯಾನಿ ಬಂದದರಿ?”

“ಕುಸಿದು ಕೆಳಗಿನ ಮಂದಿ ಮ್ಯಾಲ ಬಿದ್ರ ನೀ ಬಂದು ಎತ್ತತೀಯೇನು?”

“ನಾವು ಹಾರಿಲೆ ಕಡದೀವ್ರಿ. ಸಾವಕಾರ್ರು ಅದ ಗುಡ್ಡದ ಬುಡಕ್ಕ ಜೆಸಿಬಿ ಹಚ್ಚಿ ಮದುವಿ ಹಾಲ್ ಕಟ್ಟಿದ್ರಲ್ಲ, ಅವರ್ನ ಕೇಳಿದ್ರೇನ್ರಿ?”

“ಅದು ಬ್ಯಾರೆ ಮಣ್ಣು.”

ಗುಡ್ಡ ಒಂದು, ಮಣ್ಣು ಎರಡು. ಪರಿಮಳಾಗೆ ನಗುವೂ ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಅವ್ವನ ಹಿಂದೆ ಹೊರಗೆ ಬಂದಳು.

ಮಣ್ಣು ಕಟ್ಟಿಕೊಂಡು ಮತ್ತೆ ಹೋದರು. ಜವಾನ ಬಾಲಪ್ಪ ಬಾಗಿಲಲ್ಲೇ ಕೈ ಅಡ್ಡ ಮಾಡಿದ. “ಅಲ್ಲೇ, ಅಲ್ಲೇ! ಚಪ್ಪಲಿ ಬಿಡೂ ಜಾಗಾದಾಗ ಇಡ್ರಿ. ಒಳಗ ಮಣ್ಣು ಉದುರತಾದ.” ಅವನ ಪಕ್ಕದಿಂದ ಸಾವಕಾರರ ಗುತ್ತೇದಾರನೊಬ್ಬ ಕೆಸರು ಬೂಟಿನ ಸಮೇತ ಒಳಗೆ ಹೋದ. ಬಾಲಪ್ಪ ಆ ಕೆಸರನ್ನು ನೋಡಲಿಲ್ಲ. ಇವರ ಚೀಲವನ್ನು ಕಾಲಿನಿಂದ ಗೋಡೆಗೆ ಒತ್ತರಿಸಿದ.

ರಿಪೋರ್ಟು ಬರಲಿಲ್ಲ. ಕೇಳಲು ಹೋದರೆ ಸಾಹೇಬ, “ಮಣ್ಣ ಬಂದಿಲ್ಲಲ್ಲ” ಅಂದ. ಮೋನಮ್ಮ ಜಗಳಕ್ಕೆ ನಿಂತಳು. ಪರಿಮಳಾ ನೆಲ ನೋಡುತ್ತ ನಿಂತಳು. ನೆಲ ನೋಡುವವರಿಗೆ ಕೆಲವು ಸಂಗತಿ ಬೇಗ ಕಾಣುತ್ತವೆ. ಸಾಹೇಬನ ಬಾಗಿಲಿಗೆ ಎರಡು ಹೊಸ ಹೂಕುಂಡ. ಕುಂಡದಲ್ಲಿ ಕೆಂಪು ಗರಸು ಮಣ್ಣು. ಮಣ್ಣಿನಲ್ಲಿ ಹಸಿರು ಬಳೆಯ ಚೂರು.

ಅವಳು ಬಾಲಪ್ಪನ ಮುಖ ನೋಡಿದಳು. ಬಾಲಪ್ಪ ನಾಚಲಿಲ್ಲ. “ಮಣ್ಣು ಭಾಳ ಚಲೋ ಅದ ಬಿಡು ತಂಗಿ. ಗಿಡಾ ಹ್ಯಾಂಗ ಎದ್ದಾವ ನೋಡು,” ಅಂದ.

ಸಾಹೇಬ ಹೊಸ ಹುಕುಂ ಕೊಟ್ಟ. “ಆಳುದ್ದ ತೆಗ್ಗು ತೋಡ್ರಿ. ಮ್ಯಾಲಿಂದು, ನಡುವಿಂದು, ಬುಡದ್ದು ಬ್ಯಾರೆ ಬ್ಯಾರೆ ಚೀಲದಾಗ ತರ್ರಿ. ಮಂಗಳವಾರ ನಾನ ಯಾದಗಿರಿಗೆ ಪರೀಕ್ಷಾಕ್ಕ ಕಳಸ್ತೀನಿ. ಅಲ್ಲೀತನ ನಾ ರಜಾದಾಗ ಅದೀನಿ, ಫೋನ್ ಗೀನ್ ಮಾಡಬ್ಯಾಡ್ರಿ.”

ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. “ಮಣ್ಣು ಮೆತ್ತಗಾಗಿಲ್ಲವ್ವ, ಸಾವಕಾರನ ಮಾರಿ ಮೆತ್ತಗಾಗೇದ. ನಿಮ್ಮ ಬಚ್ಚಲ ನೀರು ಇನ್ನ ಅವನ ದೇವರ ಮನಿ ಮುಂದ ಹರೀತಾದಲ್ಲ,” ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಆಡಿಕೊಳ್ಳುತ್ತಿದ್ದರು. ಆದರೆ ಬಾವಿಕಟ್ಟೆಯ ಮಾತು ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಅಲ್ಲಿ ಎಲ್ಲರೂ ಮಣ್ಣು ಅನ್ನುತ್ತಿದ್ದರು. ಸಾಹೇಬ ಮಣ್ಣು ಅಂದ, ಮೋನಮ್ಮನೂ ಮಣ್ಣು ಅಂದಳು.

ತೆಗ್ಗು ತೋಡಲು ಕೇರಿಯ ತಾಯಪ್ಪ ಕಾಕಾ ಬಂದ. ಹಿಂದೆಲ್ಲ ಊರಿನಲ್ಲಿ ಯಾರು ಸತ್ತರೂ ತೆಗ್ಗು ತೋಡುವುದು, ಹೆಣದ ಮುಂದೆ ಹಲಗೆ ಬಾರಿಸುವುದು ಅವನ ಪಾಲಿಗೆ ಬಂದ ಬಿಟ್ಟಿ ಕೆಲಸವಾಗಿತ್ತು. ಬಾರಿಸಿ ಬಾರಿಸಿ ಬೆರಳು ಒಡೆದರೂ ದೂರ ನಿಂತು ಎಸೆದ ರೊಟ್ಟಿ. ಮನೆಯಲ್ಲಿ ಬುದ್ಧನ ಪಟ ತೂಗುಹಾಕಿದ ದಿನ ಹಲಗೆಯನ್ನು ಗೂಟಕ್ಕೆ ತೂಗುಹಾಕಿ, ಇನ್ನು ಯಾರ ಹೆಣಕ್ಕೂ ಬಾರಿಸುವುದಿಲ್ಲ ಎಂದು ಆಣೆ ಮಾಡಿದ್ದ. ಆದರೆ ಕೈಗೆ ಬೇರೆ ಆಕಾರ ಗೊತ್ತಿರಲಿಲ್ಲ. ಉದ್ದ ಒಂದಾಳು, ಅಗಲ ಒಂದು ಮೊಳಕ್ಕಿಂತ ತುಸು ಹೆಚ್ಚು, ಬದಿ ನೀಟಾಗಿ ಕೆತ್ತಿದ್ದು. ನೋಡಿದವರು ಯಾರೂ ಅದನ್ನು ಮಣ್ಣು ಪರೀಕ್ಷೆಯ ತೆಗ್ಗು ಅನ್ನುತ್ತಿರಲಿಲ್ಲ.

ಕೇರಿಯ ಮಲ್ಲಿಕಮ್ಮ ಆಯಿ ಆಡು ಹೊಡೆದುಕೊಂಡು ಬಂದವಳು ತೆಗ್ಗಿನ ಅಂಚಿಗೆ ನಿಂತಳು. ಈ ಕಡೆ ಸತ್ತವರನ್ನು ಹೂಳುವುದಕ್ಕೆ ಬೇರೆ ಹೆಸರಿಲ್ಲ, ಮಣ್ಣು ಅನ್ನುವುದು. ಮಣ್ಣಿಗೆ ಹೋಗಿದ್ದೆ ಅಂದರೆ ಯಾರೋ ತೀರಿಕೊಂಡರು ಎಂದು ಅರ್ಥ.

“ಯಾರ ಮಣ್ಣೋ ತಾಯಪ್ಪಾ?”

ತೆಗ್ಗಿನೊಳಗಿನಿಂದ ತಾಯಪ್ಪನ ದನಿ ಬಂತು. “ಎಂಜಿನಿಯರ ಸಾಹೇಬಂದು, ಆಯಿ.”

“ಅಯ್ಯಯ್ಯ! ಮೊನ್ನಿ ಚಂದ ಇತ್ತಲ್ಲೋ ಪಾಡು!”

“ಚಂದಿಲ್ಲಂತ. ಅದಕ್ಕ ಪರೀಕ್ಷಾ ಮಾಡ್ಸಾಕ ಯಾದಗಿರಿಗೆ ಒಯ್ಯತಾರ.”

“ಒಳಗ ತಗದು ನೋಡ್ತಾರೇನು?”

“ನೋಡಬೇಕಲ್ಲ ಮತ್ತ. ಮ್ಯಾಲ ನೋಡಿದ್ರ ಏನ ತಿಳೀತಾದ?”

“ಯಾವಾಗೋ?”

“ಮಂಗಳಾರ.”

“ಮಂಗಳಾರ! ಅಲ್ಲೀತನ ಇಟ್ಟರ ನಾತಾ ಹೊಡಿಯಂಗಿಲ್ಲೇನು?”

“ಯಾಕ ಹೊಡೀತದ? ಬಿಸಿಲಿಗಿ ಹರವಿ ಒಣಗಸ್ತೀವಿ. ಆಮ್ಯಾಲ ಚೀಲದಾಗ ಕಟ್ಟೋದು.”

“ಚೀಲದಾಗ!”

“ಹೂಂ ಆಯಿ. ಮ್ಯಾಲಿಂದು ಒಂದ್ರಾಗ, ನಡುವಿಂದು ಒಂದ್ರಾಗ, ಬುಡದ್ದು ಒಂದ್ರಾಗ.”

ಮಲ್ಲಿಕಮ್ಮ ಆಯಿ ಎರಡೂ ಕೈ ಬಾಯಿಗೆ ಹೊಡೆದುಕೊಂಡಳು. “ಎಷ್ಟ ಕೆಟ್ಟವನಿದ್ರೂ ಹಿಂಗ ಆಗಬಾರದಿತ್ತು ನನ್ನಪ್ಪಾ!” ಅಷ್ಟರಲ್ಲಿ ತಾಯಪ್ಪ ಕಲ್ಲೊಂದಕ್ಕೆ ಹಾರೆ ಹಾಕಿದ್ದ. ಅವನಿಗೆ ಕೇಳಿಸಲಿಲ್ಲ.

ಬುಟ್ಟಿ ಹಿಡಿದು ನಿಂತ ಪರಿಮಳಾಗೆ ಎರಡನೇ ಮಾತಿಗೇ ತಿಳಿದಿತ್ತು. ತಿದ್ದಬೇಕಿತ್ತು. ಬಾಯಿ ತೆರೆದರೆ ಮಾತಿನ ಬದಲು ನಗು ಬರುತ್ತದೆಂದು ತುಟಿ ಕಚ್ಚಿ ನಿಂತಳು. ನಗು ಇಳಿಯುವಷ್ಟರಲ್ಲಿ ಆಯಿ ಆಡುಗಳನ್ನು ಬಿಟ್ಟು ಊರಿನ ಕಡೆಗೆ ಓಡುವಂತೆ ಇಳಿದಿದ್ದಳು. ಅಂದು ಡೈರಿಯಲ್ಲಿ ಬರೆದಳು: ‘ಸತ್ತಿದ್ದಾನೆ ಎಂದು ನಾನು ಅಂದಿಲ್ಲ. ಸತ್ತಿಲ್ಲ ಎಂದೂ ಅನ್ನಲಿಲ್ಲ.’

ಸುದ್ದಿ ಬಸ್‌ಸ್ಟ್ಯಾಂಡಿಗೆ ಹೋಯಿತು. ಹೂ ಮಾರುವ ಮದೀನಾಬೀ “ಯಾ ಅಲ್ಲಾ, ಮೂರು ತುಕಡಾ!” ಎಂದು ಎದೆ ಹಿಡಿದುಕೊಂಡಳು. ಸಾಹೇಬನ ಫೋನಿಗೆ ಹಚ್ಚಿದರೆ ಬಂದ್. ಸತ್ತವರು ಫೋನ್ ಎತ್ತುವುದಿಲ್ಲ ಎಂದು ಚಹಾದಂಗಡಿಯಲ್ಲಿ ತೀರ್ಮಾನವಾಯಿತು. ಸಂಜೆಗೆ ಸುದ್ದಿ ತಿರುಗಿ ಕೇರಿಗೇ ಬಂತು. ತಾಯಪ್ಪ ಕೇಳಿದ. “ಯಾರ ಅಂದ್ರು?”

“ನೀನ ಅಂದೀಯಂತ,” ಪರಿಮಳಾ ಸಣ್ಣ ದನಿಯಲ್ಲಿ ಹೇಳಿದಳು.

ತಾಯಪ್ಪ ಮೊದಲು ಬೆಪ್ಪಾದ. ಆಮೇಲೆ ನೆಲಕ್ಕೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಿರುವಾಗಲೇ ಏನೋ ಹೊಳೆಯಿತು. ಎದ್ದು ಒಳಗೆ ಹೋಗಿ ಗೂಟದ ಹಲಗೆ ಇಳಿಸಿ, ಧೂಳು ಕೊಡವಿ, ಚರ್ಮ ಬಿಗಿಯಲೆಂದು ಬೆಂಕಿಯ ಬಿಸಿಗೆ ಹಿಡಿದ.

ಮೋನಮ್ಮ ಗಾಬರಿಯಾದಳು. “ಕಾಕಾ, ಬಾರಿಸಂಗಿಲ್ಲ ಅಂತ ಆಣಿ ಮಾಡಿದ್ಯಲ್ಲ?”

“ಹೆಣಕ್ಕ ಬಾರಿಸಂಗಿಲ್ಲ ಅಂದೇನಿ. ಅವ ಸತ್ತಾನೇನು? ಸತ್ತಿಲ್ಲ. ಬಾರಿಸಾಕ ಅಡ್ಡಿಲ್ಲ.”

“ಪೊಲೀಸ್ರು ಬಂದ್ರ?”

“ಮಣ್ಣು ತರ್ರಿ ಅಂದಾವ ಅವನ ಹೌದಲ್ಲ? ತರಾಕತ್ತೀವಿ. ಮಂದಿ ಏನ ತಿಳಕೊಂಡ್ರ ನಮಗೇನು?”

ಮಂಗಳವಾರ ಮೂರು ಚೀಲ ಹೊತ್ತು ಹೊರಟರು. ಒಂದು ಮೋನಮ್ಮನ ತಲೆ ಮೇಲೆ, ಒಂದು ಪರಿಮಳಾಳ ತಲೆ ಮೇಲೆ, ಬುಡದ್ದು ಕೇರಿಯ ಇನ್ನೊಬ್ಬ ಹೆಂಗಸಿನ ತಲೆ ಮೇಲೆ. ಮುಂದೆ ತಾಯಪ್ಪನ ಹಲಗೆ. ಅಳುವ ಹೊಡೆತವಲ್ಲ, ಕುಣಿಯುವ ಹೊಡೆತ. ದಾರಿಯುದ್ದಕ್ಕೂ ಜನ ಕೂಡುತ್ತ ಹೋದರು. ಚೀಲ ಕಂಡವರು ಟೊಪ್ಪಿಗೆ ತೆಗೆದು ದೂರ ಸರಿದರು. ಮದೀನಾಬೀ ಓಡಿ ಬಂದು ಪರಿಮಳಾಳ ತಲೆ ಮೇಲಿನ ಚೀಲಕ್ಕೆ ಒಂದು ಮೊಳ ಮಲ್ಲಿಗೆ ಏರಿಸಿ, “ಇದು ಯಾವ ಕಡೀದು ಬೇಟಿ?” ಎಂದು ಪಿಸುಗುಟ್ಟಿದಳು.

“ನಡುವಿಂದು,” ಪರಿಮಳಾ ಅಂದಳು. ಸುಳ್ಳೇನೂ ಆಗಿರಲಿಲ್ಲ.

ಕಚೇರಿಯ ಮುಂದೆ ಇವರಿಗಿಂತ ಮೊದಲೇ ವಿಶ್ವರಾಧ್ಯ ಸಾವಕಾರರು ಬಂದಿದ್ದರು. ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ಸಾಹೇಬನ ಫೋಟೊ ಅಂಗೈಯಷ್ಟು, ಸಾವಕಾರರದು ತಟ್ಟೆಯಷ್ಟು. ಕೈಯಲ್ಲಿ ಮೈಕು. ಹಲಗೆ ಕೇಳಿ ಅವರಿಗೆ ಸಂತೋಷವೇ ಆಯಿತು. ಕೇರಿಯವರು ಹಳೆಯ ಬುದ್ಧಿಗೆ ಮರಳಿದರು ಎಂದುಕೊಂಡರು.

“ಬಂಧುಗಳೇ,” ದನಿ ನಡುಗಿಸಿ ಹೇಳಿದರು, “ಇಂಥ ಅಧಿಕಾರಿ ಮತ್ತ ಸಿಗಂಗಿಲ್ಲ. ನನ್ನ ಮಾತಿಗಿ ಒಂದ ದಿನಾ ಇಲ್ಲ ಅಂದವರಲ್ಲ. ನಾ ಹೇಳಿದ್ದ ಗುಡ್ಡದ ಕೆಲಸ ಒಂದು ಪೂರಾ ಮಾಡಿ ಹೋಗಿದ್ರ ನನ್ನ ಮನಸಿಗಿ ಸಮಾಧಾನ ಆಗ್ತಿತ್ತು...”

ಮಂದಿಯ ಹಿಂದೆ ಸ್ಕೂಟರ್ ಬಂದು ನಿಂತಿತು. ಎಂಜಿನಿಯರ ಸಾಹೇಬ ಹೆಲ್ಮೆಟ್ ತೆಗೆದ. ಫ್ಲೆಕ್ಸ್ ಓದಿದ. ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದ.

ಮಲ್ಲಿಕಮ್ಮ ಆಯಿಯೇ ಮೊದಲು ಕಂಡಳು. “ಅಯ್ಯ ನನ್ನವ್ವ! ಜೋಡಿಸ್ಯಾರ!”

ಅರ್ಧ ಮಂದಿ ಓಡಿದರು. ಅರ್ಧ ಮಂದಿಗೆ ನಗು ತಡೆಯಲಾಗಲಿಲ್ಲ. ಬಾಲಪ್ಪ ಹೂಕುಂಡದ ಹಿಂದೆ ಕುಳಿತ. ಸಾವಕಾರರ ಕೈಯ ಮೈಕು ಒಂದೇ ಸಮನೆ ಕೀರಲಿಟ್ಟಿತು. ತಾಯಪ್ಪ ಮಾತ್ರ ಒಂದು ಹೊಡೆತವನ್ನೂ ತಪ್ಪಿಸದೆ ಮುಗಿಸಿ, ಹಲಗೆಯನ್ನು ಬಗಲಿಗೆ ಸಿಕ್ಕಿಸಿಕೊಂಡ.

ಹತ್ತು ನಿಮಿಷದ ಮೇಲೆ ಒಳಗೆ ಕರೆದರು. ಇವತ್ತು ಬಾಗಿಲಲ್ಲಿ ಯಾರೂ ಕೈ ಅಡ್ಡ ಮಾಡಲಿಲ್ಲ. ಮೂರೂ ಚೀಲ ಒಳಗೆ ಹೋದವು. ಸಾಹೇಬನ ಮುಖ ಕೆಂಪು ಗರಸಿನ ಬಣ್ಣಕ್ಕೆ ತಿರುಗಿತ್ತು. ಕಿಟಕಿಯಲ್ಲಿ, ಬಾಗಿಲಲ್ಲಿ ಊರು ಕೇರಿ ಎರಡೂ ಒತ್ತೊತ್ತಾಗಿ ಇಣುಕಿದ್ದವು.

“ನಾ ಸತ್ತೀನಂತ ಯಾರು ಸುದ್ದಿ ಹಬ್ಬಿಸಿದ್ರು?”

“ಇವರ ರಿ, ಕೇರಿಯವರು,” ಸಾವಕಾರರು ಬೆರಳು ಮಾಡಿದರು. “ನಾ ನಂಬಿ ಕೆಟ್ಟೆ. ಕೇಸ್ ಹಾಕ್ರಿ.”

“ನಾವು ಮಣ್ಣು ತಂದೀವ್ರಿ,” ತಾಯಪ್ಪ ಅಂದ. “ನೀವ ತರ್ರಿ ಅಂದೀರಿ.”

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬ ಮೇಜು ಗುದ್ದಿದ. ಸಾವಕಾರರು ಅವನ ಕಿವಿಗೆ ಬಗ್ಗಿ ಏನೋ ಹೇಳಿದರು. ಸಾಹೇಬ ಸ್ವಲ್ಪ ತಣ್ಣಗಾದ. ಬಿಳಿ ಹಾಳೆ, ಪೆನ್ನು ತೆಗೆದು ಪರಿಮಳಾಳ ಮುಂದೆ ನೂಕಿದ.

“ನೀ ಓದಿದಾಕಿ ಅಲ್ಲ? ತಪ್ಪಾತು ಅಂತ ಬರದು ಕೊಡು. ಕೇಸ್ ಬ್ಯಾಡ, ಏನ ಬ್ಯಾಡ.”

“ಕೆಳಗ ಇನ್ನೊಂದು ಸಾಲು ಬರಿಸ್ರಿ,” ಸಾವಕಾರರು ಮೆಲ್ಲಗೆ, ಮಗಳಿಗೆ ಹೇಳುವಂತೆ ಹೇಳಿದರು. “ಮಣ್ಣು ಸರಿ ಇಲ್ಲದ್ದಕ್ಕ ಗುಡ್ಡದ ಜಾಗಾ ಬಿಟ್ಟುಕೊಡ್ತೀವಿ, ಕೇರ್‍ಯಾಗ ಹಳೇ ಜಾಗಾದಾಗ ಕಟ್ಟಗೋತೀವಿ ಅಂತ. ಸಹಿ ಮಾಡು ತಂಗಿ. ಚಲೋ ಅಕ್ಷರ ಅಂತಲ್ಲ ನಿಂದು.”

ಮೋನಮ್ಮ ಮಗಳ ಕಡೆ ನೋಡಿದಳು. ಆ ನೋಟದಲ್ಲಿ ಜಗಳವಿರಲಿಲ್ಲ. ಕಪ್ಪಾಗಿ ಬಿದ್ದ ಉಗುರಿನ ಜಾಗ ಇನ್ನೂ ಹಸಿಯಾಗಿತ್ತು. ಕೇಸು ಅಂದರೆ ಆ ಕೈಗೆ ಕೂಲಿ ಇಲ್ಲ, ಅಲೆದಾಟ. ಹಳೇ ಜಾಗ ಅಂದರೆ ಮುಂದಿನ ಮಳೆಗೆ ಮತ್ತೆ ಗಟಾರಿನ ನೀರಲ್ಲಿ ನಿಂತು ರೊಟ್ಟಿ ಬಡಿಯುವುದು. ಪರಿಮಳಾ ಪೆನ್ನು ಎತ್ತಿಕೊಂಡಳು. ಬರೆಯುವುದು ಅವಳಿಗೆ ಯಾವತ್ತೂ ಸುಲಭ. ಹೇಳಲಾಗದ್ದನ್ನೆಲ್ಲ ಹಾಳೆಯ ಮೇಲಿಟ್ಟು ಮುಚ್ಚಿ, ಮೇಲೆ ದಿಂಬು ಹಾಕಿ ಮಲಗಿದವಳು. ಈ ಹಾಳೆಯೂ ಹಾಗೇ ಮುಚ್ಚಿಹೋಗುತ್ತದೆ. ಬೀರುವಿನಲ್ಲಿ, ಸಹಿಯ ಸಮೇತ.

ಪೆನ್ನಿನ ಮುಚ್ಚಳ ಹಾಕಿದಳು.

ಕಾಲ ಬಳಿ ಇಳಿಸಿದ್ದ ಚೀಲ ಎತ್ತಿ, ಬಿಳಿ ಹಾಳೆಯ ಮೇಲೆಯೇ ಧಪ್ಪನೆ ಇಟ್ಟಳು. ಮೇಜಿನ ತುಂಬ ಕೆಂಪು ಧೂಳು ಎದ್ದಿತು.

“ಏ! ಹೊರಗಿಡು ಅದನ್ನ!” ಸಾಹೇಬ ಕುರ್ಚಿ ಹಿಂದಕ್ಕೆ ನೂಕಿ ಎದ್ದ.

ಪರಿಮಳಾ ಚೀಲದ ಮೇಲಿನ ಕೈ ತೆಗೆಯಲಿಲ್ಲ. ಕಿಟಕಿಯಲ್ಲಿದ್ದವರು ಕತ್ತು ಒಳಗೆ ಚಾಚಿದರು. ಅವಳ ದನಿಯನ್ನು ಆ ಊರು ಅಲ್ಲಿಯವರೆಗೆ ಕೇಳಿರಲಿಲ್ಲ. ಮೊದಲು ಸೀಳಿತು. ಆಮೇಲೆ ನೆಟ್ಟಗಾಯಿತು. ಹಿಂದಿನ ಸಾಲಿನ ಮಲ್ಲಿಕಮ್ಮ ಆಯಿಗೂ ಕೇಳುವಷ್ಟಾಯಿತು.

“ಮಣ್ಣು ಗಟ್ಟಿ ಅದ ರಿ, ಸಾಹೇಬ್ರ. ನಮ್ಮ ಹೊಸ್ತಿಲ ಸಾವಕಾರ್ರ ಮಾಳಿಗಿಗಿಂತ ಮ್ಯಾಲ ಬರತಾದ. ಅದಕ್ಕ ನಮಗ ಮನಿ ಇಲ್ಲ.”